ಎಚ್ ಇರುವ ಸೀಟು, ಎಚ್ ಇಲ್ಲದ ಸೀಟು: ಸಿಂಧನೂರಿನ ಒಂದು ಪ್ರಕರಣ

ಸಿಂಧನೂರಿನ ಒಂದೇ ಪಿಯು ಕಾಲೇಜಿನಲ್ಲಿ ವಿಜ್ಞಾನ ಓದಿದ ಮೂವರು 2025ರಲ್ಲಿ ಸಿಇಟಿ ಬರೆದರು. ಮೂವರಿಗೂ ಬೇಕಿದ್ದದ್ದು ಬಿ.ಎಸ್ಸಿ. ಕೃಷಿ, ಅದೂ ರಾಯಚೂರು ಕೃಷಿ ವಿಶ್ವವಿದ್ಯಾಲಯದ ರಾಯಚೂರು ಕಾಲೇಜಿನಲ್ಲೇ. ರ‍್ಯಾಂಕಿನಲ್ಲಿ ಮಾಸ್ತರರ ಮಗ ಮುಂದಿದ್ದ. ಕ್ಯಾಂಪಿನ ಹುಡುಗಿ ಅವನ ಹಿಂದೆ, ದೇವದುರ್ಗದ ಹುಡುಗಿ ಅವಳಿಗಿಂತ ಸಾಕಷ್ಟು ಹಿಂದೆ. ಸೀಟು ಹಂಚಿಕೆ ಆದಾಗ ಹಿಂದಿದ್ದ ಇಬ್ಬರಿಗೂ ರಾಯಚೂರು ಸಿಕ್ಕಿತು, ಮುಂದಿದ್ದವನಿಗೆ ಸಿಗಲಿಲ್ಲ.

ಮೀಸಲಾತಿ ಅನ್ಯಾಯ ಅನ್ನುವವರಿಗೆ ಇದಕ್ಕಿಂತ ತಯಾರಾದ ಉದಾಹರಣೆ ಬೇಕಿಲ್ಲ. ನಾನು ಇದನ್ನು ಬಿ.ಎ. ರಾಜ್ಯಶಾಸ್ತ್ರದ ತರಗತಿಗೆ ಚರ್ಚೆಗೆ ಕೊಡುತ್ತಿರುವುದೂ ಅದಕ್ಕೇ. ಬಿಚ್ಚುತ್ತಾ ಹೋದಂತೆ ಇದು ಅವರ ಕೈಯಲ್ಲೂ ನಿಲ್ಲುವುದಿಲ್ಲ, ಎದುರಾಳಿಗಳ ಕೈಯಲ್ಲೂ ನಿಲ್ಲುವುದಿಲ್ಲ. ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗದ ಹಾಗೆ ಮನೆ, ಊರಿನ ವಿವರಗಳನ್ನು ಅಲ್ಲಿಲ್ಲಿ ಬದಲಿಸಿದ್ದೇನೆ.

ಮೂವರು

ಮಾಸ್ತರರು ಹರಿಹರದ ಕಡೆಯವರು. 2006ರಲ್ಲಿ ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕರಾಗಿ ರಾಯಚೂರು ಜಿಲ್ಲೆಗೆ ಬಂದರು. ಆ ಕಡೆಯವರು ಇಲ್ಲಿ ಹಾಜರಿ ಹಾಕಿ, ವರ್ಗಾವಣೆಯ ಬಾಗಿಲು ತೆರೆದ ದಿನವೇ ಗಂಟು ಕಟ್ಟುವುದು ರೂಢಿ. ಇವರು ಕಟ್ಟಲಿಲ್ಲ. ಮೂರು ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡಿದ್ದಾರೆ, ಇಲ್ಲೇ ಸೈಟು ಕೊಂಡು ಮನೆ ಕಟ್ಟಿದ್ದಾರೆ. ಮಗ 2007ರಲ್ಲಿ ಹುಟ್ಟಿದ್ದು ಮಾತ್ರ ಹರಿಹರದಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಐದನೆಯ ತಿಂಗಳಿಗೆ ಕೂಸು ಸಿಂಧನೂರಿಗೆ ಬಂತು. ಅಂಗನವಾಡಿಯಿಂದ ಪಿಯುವರೆಗೆ ಇಲ್ಲೇ ಓದಿದ ಆ ಹುಡುಗ 'ಹೊಂಟೀನಿ, ಬರ್ತೀನ್ರಿ' ಅನ್ನುವವನು. ಹರಿಹರಕ್ಕೆ ಹೋದರೆ ಅಲ್ಲಿನ ಮಕ್ಕಳು ಅವನ ಮಾತಿಗೆ ನಗುತ್ತಾರೆ.

ಕ್ಯಾಂಪಿನ ಹುಡುಗಿಯ ಅಜ್ಜ ಕರಾವಳಿ ಆಂಧ್ರದವರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ, ಅಲ್ಲಿನ ಚೂರು ಭೂಮಿ ಮಾರಿ ಇಲ್ಲಿ ಎರೆಹೊಲ ಕೊಂಡವರು. ಆಗ ಇಲ್ಲಿನ ರೈತರಿಗೆ ನೀರಾವರಿ ಭತ್ತದ ಅಭ್ಯಾಸ ಇರಲಿಲ್ಲ, ಹೊಲ ಅಗ್ಗಕ್ಕೆ ಸಿಕ್ಕಿತು. ಜಾಲಿ ಕಡಿದು, ಮಟ್ಟ ಮಾಡಿ, ಗುಡಿಸಲಲ್ಲಿದ್ದು ದುಡಿದ ತಲೆಮಾರು ಅದು. ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ಸುತ್ತ ಇಂಥ ಕ್ಯಾಂಪುಗಳು ಎಷ್ಟೋ. ಈಗ ಮನೆಯಲ್ಲಿ ಎರಡು ಬೆಳೆ ಭತ್ತ, ಒಂದು ರೈಸ್‌ಮಿಲ್ಲಿನಲ್ಲಿ ಪಾಲು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಹುಡುಗಿಯ ಅಪ್ಪ ಹುಟ್ಟಿದ್ದು ಇಲ್ಲೇ, ಅವಳೂ ಇಲ್ಲೇ. ಜಾತಿ ಯಾವ ಮೀಸಲು ಪಟ್ಟಿಯಲ್ಲೂ ಇಲ್ಲ. ಓದಿದ್ದು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲಿ, ಪಿಯು ಜೊತೆಗೆ ಕೋಚಿಂಗು.

ದೇವದುರ್ಗದ ಹುಡುಗಿ ಮಾದಿಗ ಸಮುದಾಯದವಳು. ಹೊಲವಿಲ್ಲ. ಅಪ್ಪ ಅವ್ವ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಅವಳು ಅಜ್ಜಿಯ ಹತ್ತಿರ ಉಳಿದು ಊರ ಸರ್ಕಾರಿ ಶಾಲೆಯಲ್ಲಿ ಹತ್ತರವರೆಗೆ ಓದಿದಳು. ಹತ್ತನೆಯ ತರಗತಿಯ ಗಣಿತಕ್ಕೆ ಅತಿಥಿ ಶಿಕ್ಷಕರು ಬಂದದ್ದು ನವೆಂಬರಿನಲ್ಲಿ. ಪಿಯುಗೆ ಸಿಂಧನೂರಿನ ಹಾಸ್ಟೆಲು. ರಜೆಯಲ್ಲಿ ಸಸಿ ಹಚ್ಚುವುದಕ್ಕೆ, ಮೆಣಸಿನಕಾಯಿ ಬಿಡಿಸುವುದಕ್ಕೆ ಕೂಲಿ ಹೋಗುತ್ತಿದ್ದಳು. ಬಿ.ಎಸ್ಸಿ. ಕೃಷಿಯಲ್ಲಿ ಕೃಷಿಕರ ಮಕ್ಕಳಿಗೆ ಬೇರೆಯೇ ಪಾಲು ಉಂಟು, ಬೀಜ, ಬೆಳೆ, ಕಳೆ ಗುರುತು ಹಿಡಿಯುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಮೂವರಲ್ಲಿ ಕಳೆಯನ್ನು ಕೈಯಾರೆ ಕಿತ್ತವಳು ಇವಳೊಬ್ಬಳೇ. ಆದರೆ ಪಹಣಿಯೇ ಇಲ್ಲದ ಮನೆಯವಳಿಗೆ ಆ ಕಾಲಂ ತುಂಬುವ ಯೋಚನೆಯೇ ಬರಲಿಲ್ಲ.

ಜಗಳ

ಸೀಟು ಪಟ್ಟಿ ಬಂದ ದಿನ ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿನಲ್ಲಿ ಮೂರೂ ಕಡೆಯವರು ಸೇರಿದ್ದರು. ಸೆಂಟರ್ ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ನಾನೂ ಅಲ್ಲೇ ಇದ್ದೆ.

"ನನ್ನ ಮಗನಿಗೆ ರ‍್ಯಾಂಕ್ ಐತಿ, ಸೀಟಿಲ್ಲ. ರ‍್ಯಾಂಕ್ ಇಲ್ಲದವರಿಗೆ ಸೀಟೈತಿ. ಇದ್ಯಾವ ನ್ಯಾಯ?" ಮಾಸ್ತರರು ಯಾರ ಕಡೆಗೂ ನೋಡದೆ ಅಂದರು. ಮಾತು ಯಾರಿಗೆ ತಾಗಬೇಕಿತ್ತೋ ಅವರಿಗೆ ತಾಗಿತು. ದೇವದುರ್ಗದ ಹುಡುಗಿ ತನ್ನ ಸೋದರಮಾವನ ಹಿಂದೆ ಸರಿದು ನಿಂತಳು.

ಕ್ಯಾಂಪಿನ ಸಾವ್ಕಾರರು ದನಿಗೂಡಿಸಿದರು. "ಅದಕ್ಕ ಹೇಳೋದು ಮಾಸ್ತರ್ರ, ಜಾತಿ ನೋಡಿ ಸೀಟ್ ಕೊಡೋದು ಬಂದ್ ಆಗ್ಬೇಕ್ರಿ. ಬಡವರಿಗೆ ಕೊಡ್ಲಿ, ಬ್ಯಾಡ ಅನ್ನಂಗಿಲ್ಲ. ಮೆರಿಟ್ ಅನ್ನೋದು ಒಂದು ಇರಬೇಕಲ್ರಿ."

ಸೆಂಟರಿನ ಹುಡುಗ ಪ್ರಿಂಟ್ ತೆಗೆಯುತ್ತಲೇ ಹೇಳಿದ: "ಸಾವ್ಕಾರ್ರ, ನಿಮ್ಮ ಹುಡುಗೀದು ಜಿಎಂ ಅಲ್ರಿ. ಜಿಎಂಎಚ್." ಜಿಎಂ ಅಂದರೆ ಸಾಮಾನ್ಯ ವರ್ಗ. ಕೊನೆಯ ಎಚ್ ಅಂದರೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇಟ್ಟ ಪಾಲು.

"ಅದು ಬ್ಯಾರೆ. ಅದು 371ಜೆ. ನಮ್ಮ ಭಾಗದ ಹಕ್ಕು."

"ನಮ್ಮ ಹುಡುಗೀದು ಏನು ಬರದೈತಿ?" ಸೋದರಮಾವ ಕೇಳಿದ. ಅವನಿಗೆ ಓದಲು ಬಾರದು.

"ಎಸ್‌ಸಿಆರ್‌ಎಚ್, ಕಾಕಾ. ಎಸ್‌ಸಿ, ಗ್ರಾಮೀಣ, ಮತ್ತ ಎಚ್."

ಮಾಸ್ತರರ ಮಗನ ಹಾಳೆಯಲ್ಲಿ ಬರೀ ಜಿಎಂ ಅಂತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಾವ್ಕಾರರು ಚಹಾ ತರಿಸಿದರು. ನಮ್ಮೂರಲ್ಲಿ ಜಗಳ ಮುಗಿಯುವುದು ಹಾಗೆಯೇ.

ಆ 'ಅದು ಬ್ಯಾರೆ' ಅನ್ನುವುದು ಹೌದೇ ಅಲ್ಲವೇ ಅನ್ನುವುದೇ ಈ ಪ್ರಕರಣದ ಪ್ರಶ್ನೆ. ಉತ್ತರಕ್ಕೆ ಮೊದಲು ಲೆಕ್ಕ ನೋಡಬೇಕು.

ಸೀಟಿನ ಲೆಕ್ಕ

ಲೆಕ್ಕಕ್ಕೆ ನೂರು ಸೀಟು ಇಟ್ಟುಕೊಳ್ಳೋಣ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜಾದರೆ 70 ಸೀಟು ಈ ಭಾಗದವರಿಗೆ. ಪಟ್ಟಿಯಲ್ಲಿ ಕೊನೆಗೆ ಕೂರುವ 'ಎಚ್' ಅದರದ್ದೇ. ಹೆಸರು 2019ರಲ್ಲಿ ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕವಾಯಿತು, ಅಕ್ಷರ ಹಳೆಯದೇ ಉಳಿಯಿತು. ಮಿಕ್ಕ 30 ಇಡೀ ರಾಜ್ಯಕ್ಕೆ. ಈ ಎರಡೂ ಗುಂಪಿನೊಳಗೆ ಜಾತಿವಾರು ಪಾಲು ಮತ್ತೆ ಬೀಳುತ್ತದೆ: ಪರಿಶಿಷ್ಟ ಜಾತಿಗೆ ಶೇ. 17, ಪರಿಶಿಷ್ಟ ಪಂಗಡಕ್ಕೆ ಶೇ. 7, ಹಿಂದುಳಿದ ವರ್ಗಗಳಿಗೆ ಶೇ. 32. ಒಟ್ಟು 56. ಸಾಮಾನ್ಯಕ್ಕೆ 44.

ಹಾಗಾದರೆ ಎಚ್ ಇರುವ ಸಾಮಾನ್ಯ ಸೀಟು ಸುಮಾರು 31, ಎಚ್ ಇಲ್ಲದ ಸಾಮಾನ್ಯ ಸೀಟು ಸುಮಾರು 13. ಮಾಸ್ತರರ ಮಗ ಸ್ಪರ್ಧಿಸಿದ್ದು ಆ 13ಕ್ಕೆ, ಅದೂ ಇಡೀ ರಾಜ್ಯದ ಜೊತೆ. ಕ್ಯಾಂಪಿನ ಹುಡುಗಿಗೆ ಆ 13ರ ಜೊತೆಗೆ 31ರ ಬಾಗಿಲೂ ತೆರೆದಿತ್ತು.

ಈಗ ಒಂದೊಂದೇ ಮೀಸಲನ್ನು ತೆಗೆದು ನೋಡಿ. ಪರಿಶಿಷ್ಟ ಜಾತಿಯ ಪಾಲೊಂದನ್ನು ಅಳಿಸಿದರೆ ಮಾಸ್ತರರ ಮಗನಿಗೆ ತೆರೆದ ಸೀಟು 13ರಿಂದ 18ಕ್ಕೆ ಏರುತ್ತದೆ. ಎಲ್ಲ ಜಾತಿಗಳ ಪಾಲನ್ನೂ ಅಳಿಸಿ ಎಚ್ ಮಾತ್ರ ಉಳಿಸಿದರೆ 30. ಜಾತಿಯ ಪಾಲು ಹಾಗೇ ಇಟ್ಟು ಎಚ್ ಒಂದನ್ನು ತೆಗೆದರೆ 44. ಲೆಕ್ಕ ಸ್ಥೂಲ ನಿಜ, ಒಂದು ತೆಗೆದಾಗ ಸ್ಪರ್ಧಿಗಳೂ ಅದಲುಬದಲಾಗುತ್ತಾರೆ. ಆದರೂ ದಿಕ್ಕು ಸ್ಪಷ್ಟ. ಅವನ ದಾರಿಗೆ ಅಡ್ಡ ನಿಂತದ್ದರಲ್ಲಿ ದೊಡ್ಡದು ಎಚ್. ಅವನಿಗಿಂತ ಕಡಿಮೆ ರ‍್ಯಾಂಕಿನಲ್ಲಿ, ಅವನದೇ ಸಾಮಾನ್ಯ ವರ್ಗದಲ್ಲಿ, ಅವನು ಬಯಸಿದ ಕಾಲೇಜಿಗೆ ಹೋದವಳು ಕ್ಯಾಂಪಿನ ಹುಡುಗಿ. ಮಾಸ್ತರರ ಮಾತು ತಾಗಿದ್ದು ಮಾತ್ರ ದೇವದುರ್ಗದವಳಿಗೆ.

ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ತರಗತಿ ಎರಡು ನಿಮಿಷ ಸುಮ್ಮನಾಗುತ್ತದೆ. ಎಚ್ ಸರ್ಟಿಫಿಕೇಟ್ ಇಲ್ಲದವರು ಆ ತರಗತಿಯಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಎಚ್ ಎಲ್ಲಿಂದ ಬಂತು

ಸ್ಥಳೀಯರಿಗೆ ಪಾಲು ಅನ್ನುವುದು ರಾಯಚೂರು ನೆಲಕ್ಕೆ ಹೊಸದಲ್ಲ. ನಿಜಾಮನ ಸಂಸ್ಥಾನದಲ್ಲಿ ಮುಲ್ಕಿ ನಿಯಮ ಇತ್ತು. 1919ರ ಫರ್ಮಾನಿನಂತೆ ಸರ್ಕಾರಿ ನೌಕರಿಗೆ ಸಂಸ್ಥಾನದಲ್ಲಿ ಹುಟ್ಟಿರಬೇಕು, ಇಲ್ಲವೇ ಹದಿನೈದು ವರ್ಷ ವಾಸವಿರಬೇಕು. ಕೊಪ್ಪಳವೂ ಸೇರಿದಂತೆ ಅಂದಿನ ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ಆ ಆಳ್ವಿಕೆಯಲ್ಲಿತ್ತು. ಬಳ್ಳಾರಿಯ ಕಥೆ ಬೇರೆ. ಅದನ್ನು ನಿಜಾಮ 1800ರಲ್ಲೇ ಕಂಪನಿಗೆ ಬಿಟ್ಟುಕೊಟ್ಟಿದ್ದ. 1953ರ ಅಕ್ಟೋಬರಿನಲ್ಲಿ ಮೈಸೂರಿಗೆ ಸೇರುವವರೆಗೆ ಅದು ಮದ್ರಾಸಿನದು. ಅಂದರೆ ಬಳ್ಳಾರಿಯವರು ಮದ್ರಾಸಿನ ಕಮ್ಯುನಲ್ ಜಿ.ಒ. ಅನ್ನು, ಅಂದರೆ ಜಾತಿವಾರು ಪಾಲನ್ನು, ಸ್ವಾತಂತ್ರ್ಯಕ್ಕೂ ಮೊದಲೇ ಕಂಡವರು. 1951ರ ಚಂಪಕಂ ದೊರೈರಾಜನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು 15(4) ಸೇರಿತು. ಈ ಜಗಳ ನಮ್ಮ ಪಕ್ಕದ ಜಿಲ್ಲೆಯನ್ನು ಅಷ್ಟು ಹಿಂದೆಯೇ ಹಾದು ಹೋಗಿದೆ.

ಈ ಭಾಗ ಹಿಂದುಳಿದಿರುವುದು ನಿಜವೇ ಎಂಬ ಬಗ್ಗೆ ವಿವಾದ ಬೇಡ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು, ದೇವದುರ್ಗ ಅವುಗಳಲ್ಲೊಂದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರ ಮೇಲೆ, ರಾಯಚೂರು ಜಿಲ್ಲೆಯದು ಶೇ. 60ಕ್ಕೂ ಒಳಗೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೇಳಿದ್ದು ಕೊನೆಗೆ 2012ರ 98ನೇ ತಿದ್ದುಪಡಿಯಾಗಿ, 371ಜೆ ವಿಧಿಯಾಗಿ ಬಂತು. ಮರುವರ್ಷದ ಆದೇಶಗಳಲ್ಲಿ ಇಲ್ಲಿನ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಬೇರೆಡೆ ಶೇ. 8 ಸೀಟು ನಿಗದಿಯಾಯಿತು. ನೌಕರಿಯಲ್ಲಿ ಎ, ಬಿ ಗುಂಪಿಗೆ ಶೇ. 75, ಸಿ ಗುಂಪಿಗೆ ಶೇ. 80, ಡಿ ಗುಂಪಿಗೆ ಶೇ. 85.

ಇದಕ್ಕೆ ಸಂವಿಧಾನವನ್ನೇ ಯಾಕೆ ತಿದ್ದಬೇಕಾಯಿತು? ಸಾವ್ಕಾರರ 'ಅದು ಬ್ಯಾರೆ' ಸಡಿಲವಾಗುವುದು ಇಲ್ಲಿ. ಸಂವಿಧಾನದ 15ನೇ ವಿಧಿ ಯಾವ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದು ಒಂದು ಸಾಲು ಬರೆದಿದೆ: ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ. ಜಾತಿ ಮತ್ತು ಜನ್ಮಸ್ಥಳ ಒಂದೇ ಸಾಲಿನಲ್ಲಿ ಕೂತಿವೆ. ಸರ್ಕಾರಿ ನೌಕರಿಯ ಬಗೆಗಿನ 16ನೇ ವಿಧಿ ವಾಸಸ್ಥಳವನ್ನೂ ಸೇರಿಸುತ್ತದೆ. ಇನ್ನು 371ಜೆ ಹೇಳುವುದೇನು? 'ಹುಟ್ಟಿನಿಂದ ಅಥವಾ ವಾಸದಿಂದ' ಈ ಪ್ರದೇಶಕ್ಕೆ ಸೇರಿದವರಿಗೆ ಪಾಲು ಕೊಡಬಹುದು ಎಂದು. ಅಂದರೆ ಸಮಾನತೆಯ ಸಾಮಾನ್ಯ ನಿಯಮದಿಂದ ಜಾತಿಗೆ ಹೇಗೆ ವಿನಾಯಿತಿ ಬೇಕಾಯಿತೋ ಹುಟ್ಟಿದ ಊರಿಗೂ ಹಾಗೆಯೇ ಬೇಕಾಯಿತು. ಎರಡೂ ಹುಟ್ಟಿನಿಂದ ಬರುವಂಥವು. ಎರಡರಲ್ಲೂ ಮಗುವಿನ ದುಡಿಮೆ ಇಲ್ಲ, ತಪ್ಪೂ ಇಲ್ಲ. ಎರಡರಲ್ಲೂ ಹಿಂದಿನ ಆಡಳಿತಗಳು ಮಾಡಿದ್ದನ್ನು ಇಂದಿನ ಸೀಟಿನಲ್ಲಿ ಸರಿಪಡಿಸುವ ಯತ್ನವಿದೆ. ಎರಡರಲ್ಲೂ ಹೆಚ್ಚು ರ‍್ಯಾಂಕಿನವನೊಬ್ಬ ಹೊರಗುಳಿಯುತ್ತಾನೆ.

ಮೆರಿಟ್ ಎಂಬ ಮಾತು

ಸಾವ್ಕಾರರು ಮೆರಿಟ್ ಅಂದಾಗ ಅವರ ಮನಸ್ಸಿನಲ್ಲಿದ್ದದ್ದು ರ‍್ಯಾಂಕ್. ಅವರ ಮಗಳ ರ‍್ಯಾಂಕ್ ಬೆಂಗಳೂರು, ಮಂಗಳೂರಿನ ಮಕ್ಕಳಿಗೆ ಹೋಲಿಸಿದರೆ ಹಿಂದಿದ್ದದ್ದು ಯಾಕೆ ಎಂದು ಕೇಳಿದೆ. ಅವರ ಉತ್ತರ ಚೆನ್ನಾಗಿತ್ತು: "ಅಲ್ಲಿ ಹುಡುಗ್ರಿಗೆ ಸಿಗೋ ಲೆಕ್ಚರರ್ರು ಇಲ್ಲಿ ಎಲ್ಲಿ ಸಿಗ್ತಾರ್ರಿ? ಲ್ಯಾಬ್ ನೋಡಿದ್ರೇನು ನೀವು? ನಮ್ಮ ಹುಡುಗಿ ದಡ್ಡಿ ಅಲ್ಲ." ಒಪ್ಪುತ್ತೇನೆ. ಅವರ ಮಗಳು ದಡ್ಡಿ ಅಲ್ಲ. ರ‍್ಯಾಂಕ್ ಅಂದರೆ ತಲೆಯ ಜೊತೆಗೆ ಶಾಲೆ, ಲ್ಯಾಬು, ಮನೆಯ ಪುಸ್ತಕ, ಕರೆಂಟು, ಓದಿದ ಹಿರಿಯರು ಎಲ್ಲ ಸೇರಿದ ಮೊತ್ತ. ಅದೇ ಉತ್ತರವನ್ನು ದೇವದುರ್ಗದ ಹುಡುಗಿಯ ಬಾಯಲ್ಲಿ ಇಟ್ಟು ನೋಡಿ. ನವೆಂಬರಿನಲ್ಲಿ ಬಂದ ಗಣಿತದ ಮಾಸ್ತರು, ಮನೆಯಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಬರೆದವಳು ಅವಳೇ, ರಜೆಯಲ್ಲಿ ಕೂಲಿ. ಸಾವ್ಕಾರರ ವಾದ ಅವಳಿಗೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. 2022ರಲ್ಲಿ ವೈದ್ಯಕೀಯ ಸೀಟುಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚೂಕಡಿಮೆ ಇದೇ: ಪರೀಕ್ಷೆಯ ಅಂಕ ಅರ್ಹತೆಯ ಪೂರ್ತಿ ಅಳತೆಯಲ್ಲ, ಅಂಕದ ಹಿಂದೆ ಸಾಮಾಜಿಕ ಅನುಕೂಲಗಳೂ ಇರುತ್ತವೆ.

'ಬಡವರಿಗೆ ಕೊಡ್ಲಿ' ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅದನ್ನು ನಿಷ್ಠೆಯಿಂದ ಅನ್ವಯಿಸಿದರೆ ಮೊದಲು ಬೀಳುವುದು ಸಾವ್ಕಾರರ ಮನೆಯ ಎಚ್. ಪ್ರವರ್ಗ 1 ಬಿಟ್ಟರೆ ಹಿಂದುಳಿದ ವರ್ಗಗಳಿಗೆ ಕೆನೆಪದರದ ಮಿತಿ ಇದೆ, ಅಂದರೆ ಉಳ್ಳವರನ್ನು ಹೊರಗಿಡುವ ಮಿತಿ. ಎಚ್‌ಗೆ ಅಂಥ ಯಾವ ಮಿತಿಯೂ ಇಲ್ಲ. ರೈಸ್‌ಮಿಲ್ಲಿನ ಪಾಲುದಾರರ ಮಗಳೂ ಒಂದೇ, ಹಮಾಲರ ಮಗಳೂ ಒಂದೇ. ಪರಿಶಿಷ್ಟ ಜಾತಿಗೂ ಕೆನೆಪದರ ಇಲ್ಲ ಅಂತ ಅವರು ತಿರುಗಿ ಹೇಳಬಹುದು, ಹೇಳಿದರು ಕೂಡ. ಅಲ್ಲಿ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಅವರ ಮಗಳು ರಾಯಚೂರಿನ ಹಾಸ್ಟೆಲಿಗೆ ಹೋದ ಮೇಲೆ ಅವಳ ಎಚ್ ಯಾರಿಗೂ ಕಾಣುವುದಿಲ್ಲ, ಯಾರೂ ಅದನ್ನು ಎತ್ತಿ ಆಡುವುದಿಲ್ಲ. ದೇವದುರ್ಗದವಳ ಎಸ್‌ಸಿ ಅವಳ ಜೊತೆ ಊಟದ ಮೇಜಿಗೂ ಬರುತ್ತದೆ, ರೂಮ್‌ಮೇಟ್ ಹಂಚಿಕೆಗೂ ಬರುತ್ತದೆ. ಅಪ್ಪ ಹಣವಂತನಾದರೂ ಬರುತ್ತದೆ. ಪ್ರದೇಶದ ಹಿಂದುಳಿಕೆಗೆ ಅಂಥ ಕಳಂಕ ಅಂಟಿಲ್ಲ. ಹಾಗಾಗಿ ಎರಡರಲ್ಲಿ ಒಂದರ ಬುಡ ಹೆಚ್ಚು ಗಟ್ಟಿ ಅನ್ನುವುದಾದರೆ ಅದು ಜಾತಿಯದು ಅನ್ನುವುದೇ ನನ್ನ ನಿಲುವು. ಸಾವ್ಕಾರರು ಹೇಳಿದ ಕ್ರಮ ಇದಕ್ಕೆ ಪೂರ್ತಿ ತಿರುವುಮುರುವು.

ನ್ಯಾಯಾಲಯಗಳೂ ವಾಸದ ಆಧಾರದ ಮೀಸಲನ್ನು ಅಳತೆ ಹಾಕಿಯೇ ಒಪ್ಪಿವೆ. 1984ರ ಪ್ರದೀಪ್ ಜೈನ್ ತೀರ್ಪು ಎಂಬಿಬಿಎಸ್ ಮಟ್ಟದಲ್ಲಿ ಅದಕ್ಕೆ ಶೇ. 70ರ ಗಡಿ ಹಾಕಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ನಾತಕೋತ್ತರ ವೈದ್ಯಕೀಯದಲ್ಲಿ ವಾಸದ ಆಧಾರದ ಮೀಸಲೇ ಸಲ್ಲದು ಎಂದಿತು. 371ಜೆಗೆ ಸಂವಿಧಾನದ ಬೆನ್ನು ಇರುವುದರಿಂದ ಅದರ ಮಾತು ಬೇರೆ.

ಮಾಸ್ತರರ ನಿಜವಾದ ದೂರು

ಮಾಸ್ತರರ ಸಿಟ್ಟು ತಪ್ಪು ದಿಕ್ಕಿಗೆ ಹೋಯಿತು, ನಿಜ. ಸಿಟ್ಟಿಗೆ ಕಾರಣ ಮಾತ್ರ ಸುಳ್ಳಲ್ಲ. ಮೀಸಲಾತಿಯ ಪರ ಮಾತಾಡುವ ನಮ್ಮಂಥವರು ಇಂಥವರ ಮುಂದೆ ಬೇಗ ಜಾರಿಕೊಳ್ಳುತ್ತೇವೆ. ಅದು ಸರಿಯಲ್ಲ.

ಎಚ್ ಸರ್ಟಿಫಿಕೇಟ್ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಸಿಂಧನೂರಿನವರು ಲಿಂಗಸುಗೂರಿಗೆ ಹೋಗಬೇಕು. ವಾಸದ ದಾರಿ ಹಿಡಿದರೆ 2013ರ ಜನವರಿ 1ಕ್ಕೆ ಹಿಂದಿನ ಹತ್ತು ವರ್ಷದ ಲೆಕ್ಕ ಕೇಳುತ್ತಾರೆ. ಮಾಸ್ತರರು ಬಂದದ್ದು 2006ರಲ್ಲಿ. ಹುಟ್ಟಿನ ದಾರಿ ಹಿಡಿದರೆ ಜನನ ಪ್ರಮಾಣಪತ್ರದಲ್ಲಿ ಹರಿಹರ. ಎರಡೂ ಕಡೆ ಬಾಗಿಲು ಮುಚ್ಚಿತು. ಹರಿಹರದ ಪಕ್ಕದ ತಾಲ್ಲೂಕು ಹರಪನಹಳ್ಳಿ. ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು. ಆಮೇಲೆ ಹೋರಾಟ ಮಾಡಿ 371ಜೆ ಸೌಲಭ್ಯವನ್ನೂ ಪಡೆದು ಬಳ್ಳಾರಿಗೂ ಮರಳಿತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮಾಸ್ತರರ ಹೆಂಡತಿಯ ತವರು ಹರಪನಹಳ್ಳಿಯಾಗಿದ್ದರೆ ಮಗನ ಹಾಳೆಯಲ್ಲೂ ಎಚ್ ಇರುತ್ತಿತ್ತು. ಅವನು ಓದಿದ ಶಾಲೆ, ಕುಡಿದ ನೀರು, ಕರೆಂಟು ಹೋದ ರಾತ್ರಿಗಳು ಯಾವುದೂ ಬದಲಾಗುತ್ತಿರಲಿಲ್ಲ.

ಇನ್ನೊಂದು ಮಾತು. ಈ ಭಾಗದ ಶಾಲೆಗಳಿಗೆ ಶಿಕ್ಷಕರು ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ ಅನ್ನುವುದು ನಮ್ಮ ಹಳೆಯ ಗೋಳು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗೆ ಅರ್ಜಿ ಕರೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕದವೇ ಆಗಿದ್ದವು. ಖಾಲಿ ಎಷ್ಟಿತ್ತು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಬಂದು ನಿಂತ ಮಾಸ್ತರರಿಗೆ, ನಿಮ್ಮ ಮಗ ಇಲ್ಲಿಯವನಲ್ಲ ಅಂದರೆ ಮುಂದಿನ ಮಾಸ್ತರರು ಯಾಕೆ ನಿಲ್ಲಬೇಕು?

ಕೃಷ್ಣೆ ದಾಟಿದರೆ ತೆಲಂಗಾಣ. ಅಲ್ಲಿಗೂ ಆಂಧ್ರಕ್ಕೂ ನಮ್ಮದಕ್ಕಿಂತ ಹಳೆಯ 371ಡಿ ಇದೆ. ಅದರ ಅಡಿಯ 1974ರ ಆದೇಶ ಹುಟ್ಟಿದ ಊರನ್ನು ಕೇಳಲಿಲ್ಲ. ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಎಲ್ಲಿ ಓದಿದೆ ಎಂದು ಕೇಳಿತು. ಆ ಅಳತೆಯಲ್ಲಿ ಮಾಸ್ತರರ ಮಗ ಅಪ್ಪಟ ಸ್ಥಳೀಯ. ಪ್ರದೇಶ ಹಿಂದುಳಿದದ್ದರಿಂದ ಮಗುವಿಗೆ ತೊಂದರೆ ಆಗುವುದು ಶಾಲೆಯ ಮೂಲಕ ತಾನೆ? ಹಾಗಾದರೆ ಶಾಲೆಯನ್ನೇ ಅಳೆಯುವುದು ಹೆಚ್ಚು ನ್ಯಾಯ.

ಇಷ್ಟಕ್ಕೇ ತೀರ್ಮಾನ ಮಾಡುವ ಹಾಗಿಲ್ಲ. ದೇವದುರ್ಗದ ಹುಡುಗಿಗೆ ಒಬ್ಬ ತಮ್ಮ ಇದ್ದಾನೆ. ಗುಳೆ ಹೋದ ವರ್ಷ ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಹುಟ್ಟಿದವನು. ಒಂದನೇ ತರಗತಿ ಊರಲ್ಲಿ, ಎರಡು ಮೂರು ಬೆಂಗಳೂರಿನಲ್ಲಿ, ನಾಲ್ಕರಲ್ಲಿ ಅರ್ಧ ವರ್ಷ ಎಲ್ಲೂ ಇಲ್ಲ. ಹುಟ್ಟಿದ ಊರನ್ನೇ ನೋಡಿದರೆ ಅವನು ಬೆಂಗಳೂರಿನವನು. ಶಾಲೆಯನ್ನೇ ನೋಡಿದರೆ ಅವನು ಯಾವ ಊರಿನವನೂ ಅಲ್ಲ. ಅಪ್ಪ ಅವ್ವನ ಹಳೆಯ ವಾಸವೇ ಅವನನ್ನು ಉಳಿಸಬೇಕು. ಆ ವಾಸಕ್ಕೆ ಕಾಗದ ಬೇಕು, ರೇಷನ್ ಕಾರ್ಡು, ಮತದಾರರ ಪಟ್ಟಿ, ಅಪ್ಪನ ಶಾಲೆಯ ದಾಖಲೆ. ಅಪ್ಪ ಶಾಲೆಗೇ ಹೋಗಿಲ್ಲ. ಎಚ್ ಯಾರಿಗಾಗಿ ಹುಟ್ಟಿತೋ ಅವರಿಗೇ ಎಚ್ ಕೈಗೆ ಸಿಗುವುದು ಕಷ್ಟ. ಕ್ಯಾಂಪಿನ ಮನೆಯಲ್ಲಿ ಪಹಣಿ, ನೋಂದಣಿ ಪತ್ರ ಎಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟದ್ದು, ಅವರ ಅರ್ಜಿ ಒಂದೇ ಸಲಕ್ಕೆ ಆಯಿತು.

ಒಳಗಿನ ಪಾಲು

ತರಗತಿಯಲ್ಲಿ ಈ ಹಂತಕ್ಕೆ ಬಂದಾಗ ಯಾರಾದರೂ ಒಳಮೀಸಲಾತಿಯ ಮಾತು ಎತ್ತುತ್ತಾರೆ. 2024ರ ಆಗಸ್ಟ್ 1ರ ದವಿಂದರ್ ಸಿಂಗ್ ತೀರ್ಪಿನಲ್ಲಿ, ಪರಿಶಿಷ್ಟ ಜಾತಿಗಳೊಳಗೆ ಹೆಚ್ಚು ಹಿಂದುಳಿದವರಿಗೆ ಬೇರೆ ಪಾಲು ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ನಾಗಮೋಹನದಾಸ್ ಆಯೋಗದ ವರದಿಯ ಮೇಲೆ 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಇದರ ಹಿಂದಿನ ತರ್ಕ ಸರಳ: ಒಂದು ಗುಂಪಿಗೆ ಪಾಲು ಕೊಟ್ಟರೆ ಆ ಗುಂಪಿನ ಬಲಿಷ್ಠರು ಅದನ್ನು ಮೊದಲು ಹಿಡಿಯುತ್ತಾರೆ, ಆದ್ದರಿಂದ ಒಳಗೆ ಮತ್ತೆ ಹಂಚಬೇಕು.

ಇದೇ ತರ್ಕವನ್ನು ಎಚ್‌ಗೆ ಯಾಕೆ ಹಚ್ಚುವುದಿಲ್ಲ? ನಂಜುಂಡಪ್ಪ ಸಮಿತಿಯೇ ಈ ವಿಭಾಗದ 31 ತಾಲ್ಲೂಕುಗಳಲ್ಲಿ 28ನ್ನು ಹಿಂದುಳಿದವು ಅಂದಿತ್ತು. ಉಳಿದ ಮೂರೂ ಎಚ್‌ನೊಳಗೇ ಇವೆ. ಬಳ್ಳಾರಿ ನಗರದ ವೈದ್ಯರ ಮಗಳೂ ದೇವದುರ್ಗದ ಕೂಲಿಯ ಮಗಳೂ ಒಂದೇ ಎಚ್. ಪರಿಶಿಷ್ಟರ ಪಾಲನ್ನು ಒಡೆದು ಹಂಚಬೇಕು ಅನ್ನುವ ಮಾತಿಗೆ ನಮ್ಮೂರಲ್ಲಿ ಎಲ್ಲ ಜಾತಿಯವರೂ ತಲೆದೂಗುತ್ತಾರೆ. ಎಚ್ ಅನ್ನು ಒಡೆದು ಹಂಚಬೇಕು ಎಂದು ಪ್ರದೇಶದ ಯಾವ ಹೋರಾಟಗಾರರೂ ನನ್ನ ಕಿವಿಗೆ ಬೀಳುವಂತೆ ಕೇಳಿಲ್ಲ.

ತಾಲ್ಲೂಕುವಾರು ಹಂಚಿದರೂ ಸಮಸ್ಯೆ ಮುಗಿಯುವುದಿಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು. ಸಿಂಧನೂರು ತಾಲ್ಲೂಕಿನ ಸರಾಸರಿಯಲ್ಲಿ ಕ್ಯಾಂಪೂ ಕೇರಿಯೂ ಒಂದೇ ಅಂಕಿಯಾಗಿ ಕರಗುತ್ತವೆ. ಕಾಲುವೆಯ ಮೇಲ್ತುದಿಯ ಹೊಲಕ್ಕೆ ನೀರು ಸಿಗುತ್ತದೆ, ಕೊನೆಭಾಗಕ್ಕೆ ಸಿಗುವುದಿಲ್ಲ, ತಾಲ್ಲೂಕಿನ ಲೆಕ್ಕದಲ್ಲಿ ಮಾತ್ರ ಎರಡೂ ನೀರಾವರಿ. ಸರಿಯಾದ ಮಾತು. ಅದಕ್ಕೇ ಪ್ರದೇಶದ ಮೀಸಲು ಜಾತಿಯ ಮೀಸಲಿನ ಬದಲಿಗೆ ಬರುವಂಥದ್ದಲ್ಲ, ಅದರ ಜೊತೆಗೆ ನಿಲ್ಲುವಂಥದ್ದು. ಎಸ್‌ಸಿಆರ್‌ಎಚ್ ಅನ್ನುವ ಆ ಉದ್ದನೆಯ ಸಂಕೇತ ನೋಡಲು ವಿಚಿತ್ರ. ಆದರೆ ಕೇರಿ, ಹಳ್ಳಿ, ಪ್ರದೇಶ, ಮೂರರ ತೊಡಕನ್ನೂ ಅದು ಬೇರೆಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯುತ್ತದೆ. ಅದರಲ್ಲಿ ಇಲ್ಲದಿರುವುದು ಎಚ್‌ನೊಳಗಿನ ಹಣವಂತರನ್ನು ಬೇರೆ ಮಾಡುವ ಒಂದು ಸಾಲು. ಕೆನೆಪದರದ ಮಿತಿಯನ್ನು ಎಚ್‌ಗೂ ಹಾಕಿದರೆ ಈ ಪ್ರಕರಣದಲ್ಲಿ ಸೀಟು ಬಿಡಬೇಕಾದವರು ಸಾವ್ಕಾರರು. ಆ ಸೀಟೂ ಮಾಸ್ತರರ ಮಗನಿಗೆ ಬರುವುದಿಲ್ಲ, ಎಚ್ ಇರುವ ಇನ್ನೊಂದು ಬಡ ಮನೆಗೆ ಹೋಗುತ್ತದೆ.

ಸದ್ಯಕ್ಕೆ

ಇಬ್ಬರು ಹುಡುಗಿಯರೂ ರಾಯಚೂರಿನಲ್ಲಿ ಓದುತ್ತಿದ್ದಾರೆ. ಮಾಸ್ತರರ ಮಗನಿಗೆ ಮುಂದಿನ ಸುತ್ತಿನಲ್ಲಿ ವಿಜಯಪುರದ ಕೃಷಿ ಕಾಲೇಜು ಸಿಕ್ಕಿತು, ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪದವಿ ಒಂದೇ, ಖರ್ಚು ಮತ್ತು ದೂರ ಹೆಚ್ಚು. ಅವನಿಗೆ ಓದೇ ತಪ್ಪಿತು ಅಂತ ಊರಲ್ಲಿ ಮಾತಾಡುವವರಿಗೆ ಇದನ್ನೂ ಹೇಳಬೇಕು. ಆದರೆ ಈ ಪ್ರಕರಣದ ಬಾಲ ಇನ್ನೂ ಉದ್ದವಿದೆ. ನಾಳೆ ಅವನು ಕೃಷಿ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದರೆ ಸ್ಥಳೀಯ ವೃಂದದ ಹುದ್ದೆಗಳಲ್ಲಿ ನಾಲ್ಕನೇ ಮೂರು ಪಾಲು ಅವನಿಗೆ ಮುಚ್ಚಿರುತ್ತದೆ.

ಮಾಸ್ತರರು ಈಗ ಒಂದು ಮನವಿ ತಯಾರು ಮಾಡಿದ್ದಾರೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಧ್ಯಯನ ಮಾಡಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ನೇತೃತ್ವದಲ್ಲಿ ಸಮಿತಿ ರಚಿಸಿದೆ ಎಂದು ತಿಳಿದಾಗಿನಿಂದ ಅವರಿಗೆ ಈ ಯೋಚನೆ ಇತ್ತು. ಕರಡನ್ನು ನನಗೆ ತೋರಿಸಿದರು. ಕಲ್ಯಾಣ ಕರ್ನಾಟಕದಲ್ಲಿ ಒಂದರಿಂದ ಹತ್ತರವರೆಗೆ ಓದಿದ ಮಗುವನ್ನು ಹುಟ್ಟಿದ ಊರು ನೋಡದೆ ಸ್ಥಳೀಯ ಎಂದು ಪರಿಗಣಿಸಬೇಕು ಎಂಬುದು ಅದರ ಬೇಡಿಕೆ. ಗುಳೆ ಹೋಗುವವರ ಮಕ್ಕಳಿಗೆ ಇದೊಂದೇ ನಿಯಮ ಉಳಿದರೆ ಕಷ್ಟ, ಹಳೆಯ ದಾರಿಗಳ ಜೊತೆಗೆ ಇದನ್ನೂ ಒಂದು ದಾರಿಯಾಗಿ ಕೇಳಿ ಎಂದೆ. ಸೇರಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಈ ಭಾಗದ ಸರ್ಕಾರಿ ಶಾಲೆಯಲ್ಲಿ ದುಡಿದ ಶಿಕ್ಷಕರ ಮಕ್ಕಳು ಎಂದು ಇನ್ನೊಂದು ಸಾಲೂ ಇತ್ತು. ಅದನ್ನು ಅವರೇ ಹೊಡೆದು ಹಾಕಿದರು. ಕೇಳಿದ್ದಕ್ಕೆ, "ಬರೇ ನಮಗಾಗಿ ಕೇಳ್ದಂಗ ಕಾಣ್ತದ" ಅಂದರು. ಜಾತಿ ಮೀಸಲಾತಿಯ ಬಗ್ಗೆ ಮನವಿಯಲ್ಲಿ ಒಂದು ಮಾತೂ ಇಲ್ಲ. ಸಾವ್ಕಾರರು ಅದಕ್ಕೆ ಸಹಿ ಹಾಕಿಲ್ಲ. ದೇವದುರ್ಗದ ಹುಡುಗಿಯ ಸೋದರಮಾವ ಹೆಬ್ಬೆಟ್ಟು ಒತ್ತಿದ್ದಾನೆ.